ಬೋಳುತಲೆ ದೊರೆಗೆ ಹಲ್ಲುಪುಡಿ

ಹೊಗೆಸೊಪ್ಪಿನ ಎಲೆಯನ್ನು ದೂರದಿಂದಲೇ ನೋಡಿ ಗ್ರೇಡ್ ಹೇಳುವುದರಲ್ಲಿ ಕಟ್ಟೆಮಳಲವಾಡಿಯ ಸುತ್ತಮುತ್ತ ನನ್ನನ್ನು ಮೀರಿಸುವವರಿರಲಿಲ್ಲ. ಇದು ಜಂಬದ ಮಾತಲ್ಲ. ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿರುವ ಸತ್ಯ! ನಿಂಬೆಹಣ್ಣಿನ ಬಣ್ಣಕ್ಕೆ ಬೆಂದ ಎಲೆ ಬ್ರೈಟ್ ಗ್ರೇಡ್, ಅದಕ್ಕೆ ಒಳ್ಳೆಯ ಬೆಲೆ. ಕಂದು ತಿರುಗಿದ್ದು ಮೀಡಿಯಂ. ಕಪ್ಪಗಾದದ್ದು ಲೋ ಗ್ರೇಡ್, ಅದನ್ನು ಹರಾಜಿಗೆ ಒಯ್ದರೆ ಕೊಳ್ಳುವವರು ಮೂಟೆಯ ಮುಂದೆ ನಿಲ್ಲುವುದೂ ಇಲ್ಲ. ಬಣ್ಣವೇ ಬೆಲೆ. ಈ ಒಂದು ಜ್ಞಾನ ಇದ್ದರೆ ಯಾವ ಅಂಗಡಿಗೆ ಬೇಕಾದರೂ ಧೈರ್ಯವಾಗಿ ನುಗ್ಗಬಹುದು ಎಂದು ನಂಬಿದ್ದೆ. ನುಗ್ಗಿಯೂ ಬಿಟ್ಟೆ.

ನನಗೆ ನಾಣ್ಯದ ಹುಚ್ಚು ಹಿಡಿದದ್ದು ಊರಿಗೆಲ್ಲ ಒಂದೇ ಫೋನ್ ಇದ್ದ ಕಾಲದಲ್ಲಿ. ಒಂದು ಬೆಳಿಗ್ಗೆ ಉಳುತ್ತಿದ್ದಾಗ ನೇಗಿಲ ಸಾಲಿನಲ್ಲಿ ತಾಮ್ರದ ಕಾಸೊಂದು ಸಿಕ್ಕಿತು. ಎತ್ತುಗಳನ್ನು ನಿಲ್ಲಿಸಿ ಅದನ್ನೇ ನೋಡುತ್ತಾ ಕೂತೆ. ಇದು ಯಾರ ಸೊಂಟದಿಂದ ಜಾರಿತು? ಅವನು ಇದಕ್ಕೆ ಏನು ಕೊಳ್ಳಲು ಹೊರಟಿದ್ದ? ಉಪ್ಪೇ? ಬೆಲ್ಲವೇ? ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಯಿಂದ ಏನೆನ್ನಿಸಿಕೊಂಡ? ಆ ಪುಣ್ಯಾತ್ಮನ ಸಂಸಾರದ ಬಗ್ಗೆ ಯೋಚಿಸುತ್ತಾ ಕೂತದ್ದರಿಂದ ಅರ್ಧ ಹೊಲ ಹಾಗೇ ಉಳಿಯಿತು. ಆಮೇಲೆ ತೂತಿನ ಕಾಸು, ಅಂಚು ಬಳುಕಿದ ಹತ್ತು ಪೈಸೆ, ಯಾರಿಗೂ ಬೇಡವಾದ ಚಿಲ್ಲರೆಯೆಲ್ಲ ನನ್ನ ಬಿಸ್ಕತ್ತಿನ ಡಬ್ಬಿ ಸೇರತೊಡಗಿತು.

ನನ್ನ ಹೆಂಡತಿ ಜಯಮ್ಮ ಡಬ್ಬಿ ಅಲ್ಲಾಡಿಸಿ ನೋಡಿ, "ಬೇರೆ ಗಂಡಸ್ರು ದುಡ್ಡು ತಂದು ಮನೇಗಾಕ್ತಾರೆ. ನೀವು ನಡೀದೆ ಇರೋ ದುಡ್ಡನ್ನೇ ಉಡ್ಕಂಡು ತತ್ತೀರಲ್ಲ!" ಎಂದಳು.

"ಇದು ಚರಿತ್ರೆ ಕಣೇ."

"ಚರಿತ್ರೆ ಅಟ್ಟದ ಮ್ಯಾಲೆ ಮಡಗಿ. ಒಲೆ ಮ್ಯಾಲೆ ಬ್ಯಾಡ."

ಹೀಗಿರುವಾಗ ಪಕ್ಕದ ಮನೆಯ ಕರೀಗೌಡ ಒಂದು ಸುದ್ದಿ ತಂದ. "ಉಣಸೂರಲ್ಲಿ ಒಬ್ಬ ವಾಚ್ ರಿಪೇರಿಯೋನು ಅವ್ನೆ ಕಣ್ಲಾ. ನಂಜಪ್ಪ ಅಂತ. ಅಳೇ ಕಾಸ್ನೆಲ್ಲಾ ಗಾಜಿನ ಪೆಟ್ಗೇಲಿ ಮಡಗ್ಕಂಡು ವ್ಯಾಪಾರ ಮಾಡ್ತಾನೆ. ಯಾವ್ ಕಾಸು ತೋರ್ಸುದ್ರೂ ಯಾವ್ ಕಾಲದ್ದು ಅಂತ ಏಳ್ತಾನೆ, ಓಗ್ ಬಾ." ನಾಣ್ಯಕ್ಕೂ ಒಂದು ಅಂಗಡಿ! ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಲ್ಲಿ ನಮ್ಮ ಧಾರೆ ರೂಪಾಯಿಯ ವಿಷಯ ಹೇಳಲೇಬೇಕು. ನಮ್ಮ ಮದುವೆಯಲ್ಲಿ ಧಾರೆ ಎರೆಯುವಾಗ ನಮ್ಮ ಮಾವನವರು ಜಯಮ್ಮನ ಅಂಗೈಯಲ್ಲಿ ಒಂದು ಬೆಳ್ಳಿ ರೂಪಾಯಿ ಇಟ್ಟಿದ್ದರು. ಮರುವರ್ಷವೇ ಅವರು ತೀರಿಕೊಂಡರು. ಆ ರೂಪಾಯಿಯನ್ನು ಅವಳು ಕುಂಕುಮದ ಡಬ್ಬಿಯಲ್ಲಿಟ್ಟು, ಶುಕ್ರವಾರ ಶುಕ್ರವಾರ ದೀಪದ ಪಕ್ಕ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ವರ್ಷಗಟ್ಟಲೆ ಬಳಿದ ಕುಂಕುಮದ ಅಡಿಯಲ್ಲಿ ಯಾರದೋ ಮೂಗು ಮಾತ್ರ ಉಬ್ಬಿ ಕಾಣುತ್ತಿತ್ತು. ಯಾರ ಮೂಗು? ಇಷ್ಟು ವರ್ಷ ಸಂಸಾರ ಮಾಡಿಯೂ ನಮ್ಮ ಮದುವೆಗೆ ಸಾಕ್ಷಿ ನಿಂತ ದೊರೆ ಯಾರೆಂದು ತಿಳಿಯದಿದ್ದರೆ ಅದು ಯಾವ ಸೀಮೆಯ ದಾಂಪತ್ಯ!

ಜಯಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಎಲೆ ಕಟ್ಟಲು ಹೋಗಿದ್ದಾಗ ರೂಪಾಯಿಯನ್ನು ಮೆಲ್ಲಗೆ ಎತ್ತಿಕೊಂಡೆ. ಸಂಜೆಯೊಳಗೆ ಇದ್ದ ಜಾಗದಲ್ಲೇ ಇಟ್ಟುಬಿಡುವ ಯೋಚನೆ. ಅಂಗಡಿಗೆ ಒಯ್ಯುವ ಮಾಲು ಬ್ರೈಟ್ ಗ್ರೇಡ್ ಆಗಿರಬೇಡವೇ? ದನ ನೀರು ಕುಡಿಯುವ ತೊಟ್ಟಿಯ ಪಕ್ಕ ಕೂತು ತಾಮ್ರದ ಕಾಸುಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದೆ. ರೂಪಾಯಿಯನ್ನು ಬಿಳಿ ಹಲ್ಲುಪುಡಿಯಲ್ಲಿ ಉಜ್ಜಿದೆ. ಕುಂಕುಮವೆಲ್ಲ ಹರಿದುಹೋಗಿ ಬೋಳುತಲೆಯ, ಗಡ್ಡದ ದೊರೆಯೊಬ್ಬ ಹೊರಗೆ ಬಂದ. ನಮ್ಮ ಮಾವನವರ ಹೋಲಿಕೆ ಸ್ವಲ್ಪ ಇದ್ದಂತೆ ಕಂಡಿತು.

ಹೊರಡುವ ಹೊತ್ತಿಗೆ ಮನೆಗೆ ಬಂದ ಜಯಮ್ಮನಿಗೆ, "ಉಣಸೂರಿಗೋಗಿ ಗೊಬ್ಬರ ತತ್ತೀನಿ" ಎಂದೆ. ಗೊಬ್ಬರದ ದುಡ್ಡು ಜೇಬಿನಲ್ಲಿ ಇದ್ದದ್ದೂ ನಿಜ.

"ಅಂಗೇ ಒಂದು ಅಲ್ಲುಪುಡಿ ತನ್ನಿ. ನೆನ್ನೆ ತುಂಬಿದ್ ಡಬ್ಬ, ಅದೆಲ್ಲೋಯ್ತೋ ಕಾಣೆ!" ಎಂದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಓಡಿದೆ.

ಹುಣಸೂರಿನ ಪೇಟೆ ಬೀದಿಯಲ್ಲಿ ನಂಜಪ್ಪನ ಅಂಗಡಿ ಸಿಕ್ಕಿತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಅಗಲ. ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ಹೇಳುತ್ತಿದ್ದವು. ಆದರೆ ಗಾಜಿನ ಪೆಟ್ಟಿಗೆ ನೋಡಿ ನಾನು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋದೆ. ಚೌಕದ ಕಾಸು, ಉಗುರಿನಷ್ಟೇ ಇರುವ ಕಾಸು, ಓದಲು ಬಾರದ ಅಕ್ಷರದ ಕಾಸು! ನಂಜಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗಾಜನ್ನು ತೆಗೆದು ನನ್ನ ಕೈಗೆ ಕೊಟ್ಟು, ಒಂದು ತಟ್ಟೆಯನ್ನು ಮುಂದಿಟ್ಟ.

"ಬೋಳುತಲೆ ದೊರೆ ರೂಪಾಯಿ, ಅನ್ನೆರಡು ಅವೆ. ಮೈಸೂರಿಂದ ಒಬ್ರು ನಾಳೆ ಬತ್ತಾರೆ ತಕ್ಕಳಕೆ. ನೋಡ್ತಿರಿ ಯಜಮಾನ್ರೆ. ಬಸ್ಸಲ್ಲಿ ವಾಚಿನ ಸಾಮಾನು ಬರೋದದೆ, ಇಸ್ಕಂಡು ಬಂದ್ಬುಡ್ತೀನಿ."

ನನ್ನ ಮುಖ ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತದೆ. ಅವನ ಗ್ರಹಚಾರ, ಅವನಿಗೂ ಬಂತು.

ಭೂತಗಾಜಿನಲ್ಲಿ ನೋಡಿದೆ. ಅಬ್ಬಾ! ದೊರೆಯ ಗಡ್ಡದ ಒಂದೊಂದು ಕೂದಲೂ ಕಾಣಬೇಕು, ಆದರೆ ಕಾಣುತ್ತಿಲ್ಲ. ಮೇಲೆ ಕರೀ ಪೊರೆ. ಒಳಗೆ ಕಿವಿ ಹೇಗಿರಬಹುದು? ಇವನ ಗಡ್ಡವೂ ನಮ್ಮ ರೂಪಾಯಿಯವನ ಗಡ್ಡವೂ ಒಂದೇ ಥರವೇ? ಜೊತೆಗೆ ನಂಜಪ್ಪನ ಮೇಲೆ ಅಯ್ಯೋ ಪಾಪ ಅನ್ನಿಸಿತು. ನಾಳೆ ಕೊಳ್ಳುವವರು ಬರುತ್ತಾರೆ, ತಟ್ಟೆಯ ತುಂಬ ಲೋ ಗ್ರೇಡ್ ಮಾಲು! ಪಾಪ, ವಾಚಿನವನು. ಹರಾಜು ಕಂಡವನಲ್ಲ. ಬಸ್ಸಿಳಿದ ಕೂಡಲೇ ಜಯಮ್ಮನಿಗೆಂದು ಕೊಂಡ ಹೊಸ ಹಲ್ಲುಪುಡಿ ನನ್ನ ಚೀಲದಲ್ಲೇ ಇತ್ತು. ಹೆಗಲ ಮೇಲೆ ಟವೆಲ್ ಇತ್ತು. ಮೂಲೆಯಲ್ಲಿ ಕುಡಿಯುವ ನೀರಿನ ಹೂಜಿ ಇತ್ತು.

ಬಸ್ಸು ತಡವಾಗಿ ಬಂದದ್ದು ಈ ಪ್ರಕರಣದಲ್ಲಿ ಮುಖ್ಯ ಆರೋಪಿ ಎಂದು ನಾನು ಈಗಲೂ ಹೇಳುತ್ತೇನೆ. ಒಂದನ್ನು ಉಜ್ಜಿದೆ. ಏನು ಹೊಳಪು! ಗಡ್ಡ ಬಂತು, ಕಿವಿ ಬಂತು. ಒಂದು ಹೊಳೆದು ಉಳಿದವು ಕಪ್ಪಗಿದ್ದರೆ ಚೆನ್ನಲ್ಲ ಎಂದು ಎಲ್ಲವನ್ನೂ ಉಜ್ಜಿದೆ. ಹೊಳಪು ಸರಿಯಾಗಿದೆಯೇ ಎಂದು ನೋಡಲು ಧಾರೆ ರೂಪಾಯಿಯನ್ನು ಅವುಗಳ ಜೊತೆಗಿಟ್ಟು ಟವೆಲ್ಲಿನಲ್ಲಿ ಕೊನೆಯ ಸಲ ಎಲ್ಲವನ್ನೂ ಒಟ್ಟಿಗೆ ತಿರುವಿ ಒರೆಸಿದೆ. ಸಾಲಾಗಿ ಜೋಡಿಸಿ, ಕೈ ಕಟ್ಟಿಕೊಂಡು, ಹೊಗಳಿಕೆಗೆ ತಯಾರಾಗಿ ನಿಂತೆ.

ನಂಜಪ್ಪ ಬಂದ. ತಟ್ಟೆ ನೋಡಿದ. ನನ್ನನ್ನು ನೋಡಿದ. ಕೈಯಲ್ಲಿದ್ದ ಪಾರ್ಸಲನ್ನು ನಿಧಾನಕ್ಕೆ ಕೆಳಗಿಟ್ಟ.

"ಇದೇನ್ರೀ ಮಾಡ್ಬುಟ್ರಿ?"

"ಏನಿಲ್ಲ, ಸುಮ್ನೆ ಒಂದುಪಕಾರ. ದುಡ್ಡೇನೂ ಬ್ಯಾಡಿ!"

ಅವನು ಸ್ಟೂಲಿನ ಮೇಲೆ ಕುಸಿದ. "ಆ ಕಪ್ಪು ಕೊಳೆ ಅಲ್ಲ ಕಣ್ರೀ. ಅದು ವಯಸ್ಸು. ಕಾಸು ಕೂಡಾಕೋರು ಅದ್ಕೇ ದುಡ್ಡು ಕೊಡೋದು. ಉಜ್ಜುದ್ ಮ್ಯಾಲೆ ಇದು ಬರೀ ಕರಗ್ಸೋ ಬೆಳ್ಳಿ. ನಾಳೆ ಅವ್ರು ಬಂದ್ರೆ ನಾನೇನ್ ತೋರುಸ್ಲಿ, ನಿಮ್ ಮುಖನಾ?"

ಕಪ್ಪಿಗೆ ಬೆಲೆ! ಭೂಮಿ ತಲೆಕೆಳಗಾದಂತಾಯಿತು. ನಾನು ಹುಟ್ಟಿ ಬೆಳೆದು ಕಲಿತದ್ದೆಲ್ಲ ಆ ಸ್ಟೂಲಿನ ಮುಂದೆ ಲೋ ಗ್ರೇಡ್ ಆಯಿತು. ಆದಷ್ಟು ಬೇಗ ಜಾಗ ಖಾಲಿ ಮಾಡೋಣವೆಂದು, "ತಪ್ಪಾಯ್ತು ಕಣ್ರೀ, ನಮ್ ರೂಪಾಯಿ ತಕ್ಕಂಡು ಓಯ್ತೀನಿ" ಎಂದು ತಟ್ಟೆಗೆ ಕೈ ಹಾಕಿದೆ.

ಕೈ ಅಲ್ಲೇ ನಿಂತಿತು. ಹದಿಮೂರು ಬೋಳುತಲೆಗಳು ಒಂದೇ ಸಮ ಹೊಳೆಯುತ್ತಿದ್ದವು.

"ನಿಮ್ದು ಯಾವ್ ಇಸ್ವಿದು?" ಎಂದ ನಂಜಪ್ಪ.

ನಾನು ನಮ್ಮ ಮದುವೆಯಾದ ಇಸವಿ ಹೇಳಿದೆ.

"ನಿಮ್ ಮದ್ವೆದಲ್ಲ ಸ್ವಾಮಿ, ರೂಪಾಯಿದು!"

"ನೋಡ್ಲಿಲ್ಲ. ಗಡ್ಡ ನೋಡ್ದೆ."

"ಓಗ್ಲಿ, ಏನಾರ ಗುರುತು?"

"ಕುಂಕುಮ ಇತ್ತು."

"ಎಲ್ಲದೆ?"

"ತೊಳುದ್ಬುಟ್ಟೆ."

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನಂಜಪ್ಪನ ಬೈಗುಳಕ್ಕಲ್ಲ. ಜಯಮ್ಮನಿಗೆ ಅಪ್ಪನದೆಂದು ಉಳಿದಿದ್ದದ್ದು ಅದೊಂದೇ. ಅಂದಾಜಿನ ಮೇಲೆ ಒಂದನ್ನು ಒಯ್ದು ಕುಂಕುಮದ ಡಬ್ಬಿಯಲ್ಲಿಟ್ಟರೆ, ಇನ್ನು ಮೇಲೆ ಪ್ರತಿ ಶುಕ್ರವಾರ ಅವಳು ಕೈ ಮುಗಿಯುವುದನ್ನು ನಾನು ಹೇಗೆ ನೋಡಲಿ? ಉಳಿದ ದಾರಿ ಒಂದೇ. ಅಷ್ಟನ್ನೂ ಕೊಂಡೆ. ಗೊಬ್ಬರದ ದುಡ್ಡು ಪೂರ್ತಿ ಹೋಯಿತು, ಸಾಲಲಿಲ್ಲ. ಬದಲಿಗೆ ಚೀಲದಲ್ಲಿದ್ದ ನನ್ನ ಬಿಸ್ಕತ್ತಿನ ಡಬ್ಬಿಯನ್ನೇ ತೆಗೆದುಕೊಳ್ಳಿ ಎಂದೆ. ನಂಜಪ್ಪ ಮುಚ್ಚಳ ತೆಗೆದ, ಹುಣಸೆಹಣ್ಣಿನಲ್ಲಿ ಮಿಂದು ಕೆಂಪಗಾದ ಚರಿತ್ರೆಯನ್ನು ನೋಡಿದ, ಮುಚ್ಚಳ ಹಾಕಿ ನನ್ನ ಕಡೆಗೇ ತಳ್ಳಿದ. ಕೊನೆಗೆ ಕೈಗಡಿಯಾರ ಬಿಚ್ಚಿಕೊಟ್ಟೆ. ಅದು ಮದುವೆಯಲ್ಲಿ ಮಾವನವರು ನನಗೆ ಕೊಟ್ಟದ್ದು. ಮಾವನವರ ರೂಪಾಯಿಯನ್ನು ಬಿಡಿಸಿಕೊಳ್ಳಲು ಮಾವನವರ ವಾಚನ್ನೇ ಕೊಟ್ಟ ಅಳಿಯ ಮೈಸೂರು ಜಿಲ್ಲೆಯಲ್ಲಿ ಬೇರೊಬ್ಬನಿರಲಾರ!

ಮನೆ ಬಾಗಿಲಲ್ಲೇ ಜಯಮ್ಮ ಕೇಳಿದಳು. "ಗೊಬ್ಬರ ಎಲ್ರೀ? ಕೈಲಿದ್ದ ವಾಚೆಲ್ರೀ?"

ಟವೆಲ್ ಬಿಚ್ಚಿ ನೆಲದ ಮೇಲೆ ಹರಡಿ, ಮೊದಲಿಂದ ಕೊನೆಯವರೆಗೆ ಒಪ್ಪಿಸಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ನೆಲದ ಮೇಲೆ ಕೂತು ಒಂದೊಂದನ್ನೂ ಅಂಗೈ ಮೇಲಿಟ್ಟು ನೋಡಿ ಕಣ್ಣಿಗೊತ್ತಿಕೊಂಡಳು.

"ಅಪ್ಪನ ಕೈಲಿದ್ದದ್ದು ಯಾವ್ದು ಅಂತ ಈಗ ಯಾರ್ನ ಕೇಳಾನ?" ಎಂದಳು. ನನಗೆ ತಲೆಯೆತ್ತಲಾಗಲಿಲ್ಲ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡು ಎದ್ದಳು. ನನ್ನಲ್ಲಿದ್ದ ಸಂಗ್ರಹಕಾರ ಇನ್ನೂ ಸತ್ತಿರಲಿಲ್ಲ. "ಜಯಾ, ಒಂದ್ನ ನೀನು ಆರಿಸ್ಕ. ಮಿಕ್ಕಿದ್ದು ನನ್ ಡಬ್ಬಿಗೆ..." ಎಂದೆ.

"ಅಪ್ಪಂದು ಆ ಮಿಕ್ಕಿದ್ರಲ್ಲೇ ಇದ್ರೆ?"

ನಾನು ನನ್ನ ಡಬ್ಬಿಯನ್ನು ಅಟ್ಟಕ್ಕೆ ಸೇರಿಸಿದೆ.

ಈಗ ನಮ್ಮ ದೇವರ ಗೂಡಿನಲ್ಲಿ ಶುಕ್ರವಾರ ಹದಿಮೂರು ದೊರೆಗಳಿಗೆ ಕುಂಕುಮ ಸಲ್ಲುತ್ತದೆ. ನಾನು ಹೊಸ್ತಿಲಾಚೆ ನಿಂತು ನೋಡಬಹುದು. ಮುಟ್ಟುವಂತಿಲ್ಲ. ಸುದ್ದಿ ಹರಡಿ ಅಕ್ಕಪಕ್ಕದ ಊರಿನವರೂ ನೋಡಲು ಬರತೊಡಗಿದರು. ಒಂದು ದಿನ ಕೆ.ಆರ್. ನಗರದಿಂದ ಕನ್ನಡಕದವರೊಬ್ಬರು ಬಂದು ಜಗಲಿಯ ಮುಂದೆ ಸ್ಕೂಟರ್ ನಿಲ್ಲಿಸಿದರು.

"ನಾಣ್ಯ ಸಂಗ್ರಹ ಮಾಡಿರೋರ ಮನೆ ಇದೇನಾ?"

ನಾನು ಎದೆಯುಬ್ಬಿಸಿ ಎದ್ದುನಿಂತೆ. "ಔದು ಸಾರ್, ಬನ್ನಿ ಬನ್ನಿ!"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಜಯಮ್ಮನವರು ಅಂತ ಹೇಳಿದ್ರಲ್ಲ?"

"ಒಳಗವ್ರೆ. ಕೂತ್ಕಳಿ, ಕರೀತೀನಿ" ಎಂದೆ.