ಲ್ಯಾಪ್‌ಟಾಪಿನಿಂದ ಹಾರಿಹೋದ ನವಿಲು

ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವರಿಗೆ ಸುರಕ್ಷತೆಯ ಭಾಷಣ ಮಾಡುವವನು ನಾನು. ‘ಗಾಬರಿಪಡಬೇಡಿ, ಓಡಬೇಡಿ, ಪಕ್ಕದವರನ್ನು ತಳ್ಳಬೇಡಿ’ ಎಂಬ ಸೂತ್ರಗಳನ್ನು ನಾನು ಹೇಳುವ ಗಾಂಭೀರ್ಯ ನೋಡಲು ಕ್ಯಾಂಟೀನಿನವರೂ ಬಂದು ನಿಲ್ಲುತ್ತಾರೆ. ಇಂಥ ಮನುಷ್ಯನಿಗೆ ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆದು, ಆ ಜಾಗದಲ್ಲಿ ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಕೂರಿಸುವುದು ಯಾವ ಲೆಕ್ಕ?

ಲ್ಯಾಪ್‌ಟಾಪ್ ನನ್ನ ಹೆಂಡತಿ ವನಜಳದು. ಆಂಡರ್ಸನ್‌ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ಮದುವೆಯ ರವಿಕೆಗಳಿಗೆ ಕಸೂತಿ ಹಾಕುತ್ತಾಳೆ. ಸೂಜಿ ಎಲ್ಲಿ ಚುಚ್ಚಬೇಕೆಂದು ಕಸೂತಿ ಮಿಷನ್ನಿಗೆ ಹೇಳಿಕೊಡುವುದು ಆ ಲ್ಯಾಪ್‌ಟಾಪ್. ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಕುಕ್ಕರಿನಲ್ಲಿ ಬೇಳೆ ಬೆಂದಿರುತ್ತಿತ್ತು.

ಆ ಶನಿವಾರ ಮಿಷನ್ನಿನ ಮೇಲೆ ಬಂಗಾರಪೇಟೆಯ ಮದುಮಗಳೊಬ್ಬಳ ರವಿಕೆ ಇತ್ತು. ಎಡತೋಳಿನ ಮೇಲೆ ಜರಿಯ ನವಿಲು ಕೂತಾಗಿತ್ತು. ಬಲತೋಳು ಖಾಲಿ. ಅಷ್ಟರಲ್ಲಿ ಜರಿ ದಾರ ಮುಗಿಯಿತು. ಮರುದಿನ ಸಂಜೆಯೇ ಆರತಕ್ಷತೆ. ದಾರ ತರಲು ವನಜ ಬಂಗಾರಪೇಟೆಗೆ ಹೊರಟಳು.

“ರೀ, ಆ ನವಿಲಿನ ಡಿಸೈನು ಇರೋದು ಅದರೊಳಗೊಂದೇ. ಬ್ಲೌಸ್ ಕೊಡೋ ತನಕ ಅದನ್ನ ಮುಟ್ಬೇಡಿ.”

“ನಾನ್ಯಾಕೆ ಮುಟ್ಟಲಿ?” ಎಂದೆ. ಎಸ್‌ಎಸ್‌ಡಿ ಆಗಲೇ ನನ್ನ ಜೇಬಿನಲ್ಲಿತ್ತು.

ಅವಳು ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಕುದುರೆಯಾಗಿರಬೇಕು, ಅವಳು ಮೂಗಿನ ಮೇಲೆ ಬೆರಳಿಡಬೇಕು ಎಂಬುದು ನನ್ನ ಯೋಜನೆ. ಹಳೆಯ ಡಿಸ್ಕಿನಲ್ಲಿರುವುದನ್ನು ಹೊಸದಕ್ಕೆ ತುಂಬುವುದು ಕೊನೆಯ ಕೆಲಸವೆಂದು ತೀರ್ಮಾನಿಸಿದ್ದೆ. ಅದು ಮೊದಲ ಕೆಲಸವಂತೆ. ಆಮೇಲೆ ತಿಳಿಯಿತು.

ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಇಡಬೇಕೆಂದು ವಿಡಿಯೊದಲ್ಲಿ ಹೇಳಿದ್ದರು. ಊರಿನಿಂದ ಬಂದಿದ್ದ ನಮ್ಮತ್ತೆಯನ್ನು, ಎಂದರೆ ವನಜಳ ತಾಯಿಯನ್ನು, ಕರೆದು ನಡುಮನೆಯ ನೆಲದ ಮೇಲೆ ರಂಗೋಲಿ ಚುಕ್ಕಿ ಇಡಲು ಕೇಳಿದೆ. ಒಂದು ಚುಕ್ಕಿಗೆ ಒಂದು ಸ್ಕ್ರೂ. ಇಂಥ ಉಪಾಯ ಜಪಾನಿನವರಿಗೂ ಹೊಳೆದಿರಲಾರದು.

“ಮಿಷನ್ ಬಿಚ್ಚಾಕೂ ರಂಗೋಲಿ ಆಕ್ಬೇಕಾ? ಓದ್ದೋರ ಪದ್ಧತಿನೇ ಬ್ಯಾರೆ,” ಎನ್ನುತ್ತಾ ಅತ್ತೆ ಚುಕ್ಕಿ ಇಟ್ಟರು. “ಬಳ್ಳಿನೂ ಎಳೀಲಾ ಅಳಿಯಂದ್ರೇ?”

“ಬಳ್ಳಿ ಬೇಡ ಅತ್ತೆ.”

ಸ್ಕ್ರೂಗಳು ಚುಕ್ಕಿಗಳ ಮೇಲೆ ಕೂತವು. ಹಾರ್ಡ್ ಡಿಸ್ಕನ್ನು ದೇವರ ಹಾಗೆ ನಡುವಿನ ಚುಕ್ಕಿಯ ಮೇಲೆ ಇಟ್ಟೆ. ಎಸ್‌ಎಸ್‌ಡಿ ತನ್ನ ಜಾಗದಲ್ಲಿ ಸಲೀಸಾಗಿ ಕೂತಿತು. ಮುಚ್ಚಳ ಮಾತ್ರ ಕೂರಲಿಲ್ಲ. ನೋಡಿದರೆ ಒಳಗಿನ ಬ್ಯಾಟರಿ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತ್ತು.

ಬುದ್ಧಿಯಿದ್ದವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ದೋಸೆ ಸಟ್ಟುಗ ಕೇಳಿದೆ.

“ಅದ್ಯಾಕೆ? ಮಗುಚಾಕ್ತೀರಾ?” ಅತ್ತೆಯ ಪ್ರಶ್ನೆ.

“ಸ್ವಲ್ಪ ಎಬ್ಬಿಸಬೇಕು, ಅಷ್ಟೇ.”

ಎಬ್ಬಿಸಿದೆ. ಬ್ಯಾಟರಿ ಕಿತ್ತುಬಂದು ನೆಲಕ್ಕೆ ಬಿತ್ತು. ಅದರ ಹೊಟ್ಟೆಗೆ ಸಟ್ಟುಗದ ಮೂಲೆ ಚುಚ್ಚಿತ್ತು. ಮೊದಲು ಸೈಕಲ್ ಟ್ಯೂಬು ಉಸಿರು ಬಿಟ್ಟಂಥ ಸದ್ದು. ಆಮೇಲೆ ಬಿಳಿ ಹೊಗೆ. ಹೊಗೆಯ ಒಳಗಿನಿಂದ ಒಂದು ಕೆಂಪು ನಾಲಿಗೆ. ಆ ನಾಲಿಗೆ ಈಗಲೂ ನನ್ನ ಕಣ್ಣ ಮುಂದೆ ಬಂದು ಹೋಗುತ್ತಿರುತ್ತದೆ. ಆ ಕ್ಷಣದಲ್ಲಿ ನಾನು ಗಾಬರಿಪಟ್ಟೆ, ಓಡಿದೆ, ಅಡ್ಡ ನಿಂತಿದ್ದ ಅತ್ತೆಯನ್ನು ತಳ್ಳಿದೆ. ಒಂದು ಸೂತ್ರವನ್ನೂ ಬಿಡಲಿಲ್ಲ.

ಬೀದಿ ಮುಟ್ಟಿ ತಿರುಗಿ ನೋಡಿದಾಗ, ಅತ್ತೆ ಉರಿಯುವ ಬ್ಯಾಟರಿಯನ್ನು ಇಕ್ಕಳದಲ್ಲಿ ಹಿಡಿದು, ಒಲೆಯಿಂದ ಹಾಲಿನ ಪಾತ್ರೆ ಇಳಿಸುವವರಂತೆ ನಡೆದು ಬರುತ್ತಿದ್ದರು. ಮನೆ ಕಟ್ಟಲು ಎದುರು ಮನೆಯ ಸೆಲ್ವಂ ತರಿಸಿದ್ದ ಮರಳ ರಾಶಿಗೆ ಅದನ್ನು ಹಾಕಿ, ಸನಿಕೆಯಿಂದ ಮರಳು ಎಳೆದರು.

ಸೆಲ್ವಂ ಹೊರಗೆ ಬಂದ. ಚಿನ್ನದ ಗಣಿಯಿದ್ದ ನಮ್ಮೂರಿನಲ್ಲಿ ಯಾರು ಎಲ್ಲಿ ಅಗೆದರೂ ಕೇಳುವ ಪ್ರಶ್ನೆ ಒಂದೇ. “ಎನ್ನ ಸಾರ್, ಬಂಗಾರ ಸಿಕ್ತಾ?”

ಅಷ್ಟರಲ್ಲಿ “ಇನ್ನೊಂದೈತೆ” ಎನ್ನುತ್ತಾ ಅತ್ತೆ ಒಳಗೆ ಹೋದರು. ಬಚ್ಚಲಿನ ಕಡೆಯಿಂದ ಬುಳುಕ್ ಎಂದು ಸದ್ದು ಬಂತು.

“ಅತ್ತೆ, ಏನದು?”

“ಅದ್ರ ಜೊತೇದು ಅಳಿಯಂದ್ರೇ. ನಡುವೆ ಇಟ್ಟಿದ್ರಲ್ಲ, ಅದು. ಮುಟ್ಟಿದ್ರೆ ಇನ್ನೂ ಬೆಚ್ಗಿತ್ತು. ಸಿಡಿಯೋಕೆ ಮುಂಚೆ ನೀರಿಗಾಕ್ಬುಟ್ಟೆ.”

ಬಕೆಟ್ಟಿನ ತಳದಲ್ಲಿ ಹಾರ್ಡ್ ಡಿಸ್ಕ್ ಮಲಗಿತ್ತು. ಅದರೊಳಗೆ ನವಿಲು.

ವಯರು ಸಿಕ್ಕಿಸಿ ಲ್ಯಾಪ್‌ಟಾಪಿನ ಸ್ವಿಚ್ ಒತ್ತಿದೆ. ಒತ್ತಿದ ಕ್ಷಣವೇ ಅದು ಎದ್ದು, ತನ್ನೊಳಗೆ ಏನೂ ಇಲ್ಲವೆಂದು ಅತಿ ವೇಗವಾಗಿ ತಿಳಿಸಿತು.

ವನಜ ಬಂದಳು. ನೆಲದ ಕಪ್ಪು ಕಲೆ, ತುಳಿದ ರಂಗೋಲಿ, ಎಲ್ಲವನ್ನೂ ನೋಡಿ ಬಕೆಟ್ಟಿನ ಮುಂದೆ ನಿಂತಳು.

“ಮುಟ್ಟಿದ್ರಾ?”

“ಬಿಚ್ಚಿದೆ, ಅಷ್ಟೇ.”

ಬೈದಿದ್ದರೆ ಚೆನ್ನಾಗಿತ್ತು. ಅವಳು ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. “ಪಾಪ ಆ ಹುಡುಗಿ ಒಂದು ತೋಳಿಗೆ ನವಿಲು ಇಟ್ಕೊಂಡು ಜನರ ಮುಂದೆ ನಿಂತ್ಕೋಬೇಕಾ? ಇನ್ಮೇಲೆ ಬಂಗಾರಪೇಟೆಯಿಂದ ಯಾರು ಬ್ಲೌಸ್ ತರ್ತಾರೆ ನನ್ನತ್ರ?”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು, ಎಡತೋಳಿನ ನವಿಲನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದ್ಕೇನ್ ಮಾ ಅಳು? ಚುಕ್ಕಿಗೆ ಬರೋ ನವಿಲೇ ಇದು. ಸೀಮೆಸುಣ್ಣ ಕೊಡು.”

ಬಲತೋಳಿನ ಮೇಲೆ ಚುಕ್ಕಿಗಳು ಬಿದ್ದವು. ಈ ಸಲ ಬಳ್ಳಿಯನ್ನೂ ಎಳೆದರು. ಅದರ ಮೇಲೆ ವನಜ ಕೈಸೂಜಿಯಲ್ಲಿ ಜರಿ ಹೊಲಿಯುತ್ತ ಹೋದಳು. ಸೂಜಿಗೆ ದಾರ ಪೋಣಿಸಿಕೊಡಲೇ ಎಂದು ಕೇಳಿದೆ. ತಾಯಿ ಮಗಳು ಇಬ್ಬರೂ ಒಟ್ಟಿಗೆ ಬೇಡವೆಂದರು.

ಭಾನುವಾರ ಮಧ್ಯಾಹ್ನಕ್ಕೆ ನವಿಲು ಮುಗಿಯಿತು. ಎಡದ್ದಕ್ಕಿಂತ ಸ್ವಲ್ಪ ದಪ್ಪ. ಕತ್ತು ಚಾಚಿ ಯಾರನ್ನೋ ಬೈಯುವಂತಿತ್ತು. ಯಾರನ್ನೆಂದು ನನಗೆ ಗೊತ್ತಿತ್ತು.

ಬಂಗಾರಪೇಟೆಗೆ ಮೂವರೂ ಹೋದೆವು. ರವಿಕೆಯ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ. ಮದುಮಗಳು ರವಿಕೆ ತೊಟ್ಟು ಕನ್ನಡಿಯ ಮುಂದೆ ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ವನಜ ಉಸಿರು ಹಿಡಿದು ನಿಂತಿದ್ದಳು.

“ಅಕ್ಕಾ, ಬಲಗಡೇದು ಜೀವ ಇದ್ದಂಗೈತೆ. ಎಡಗಡೇದು ಯಾಕೋ ಮಿಷನ್ನಲ್ಲಿ ಹೊಲ್ದಂಗೈತೆ.”

ಈಗ ನಮ್ಮ ಮನೆಗೆ ಅತ್ತೆಯ ನವಿಲು ಕೇಳಿಕೊಂಡು ಬರುವವರೇ ಹೆಚ್ಚು. ಲ್ಯಾಪ್‌ಟಾಪ್ ಇಡೀ ಆಂಡರ್ಸನ್‌ಪೇಟೆಯಲ್ಲೇ ಅತ್ಯಂತ ವೇಗದ್ದು. ಕೆಲಸವಿಲ್ಲ. ನಾನು ಕಾರ್ಖಾನೆಯಲ್ಲಿ ಅದೇ ಭಾಷಣ ಮಾಡುತ್ತೇನೆ, ಧ್ವನಿ ಮಾತ್ರ ಸ್ವಲ್ಪ ತಗ್ಗಿದೆ.

ಮೊನ್ನೆ ಮನೆಯಲ್ಲಿ ಪೂರಿ ಮಾಡಿದ್ದರು. ಒಂದು ಪೂರಿ ಎಣ್ಣೆಯಲ್ಲಿ ಉಬ್ಬಿ ಮೇಲೆದ್ದಿತು. ನನಗೆ ಅರಿವಾಗುವಷ್ಟರಲ್ಲಿ ನಾನು ಬೀದಿಯಲ್ಲಿದ್ದೆ. ಒಳಗಿನಿಂದ ಅತ್ತೆ ಇಕ್ಕಳದಲ್ಲಿ ಪೂರಿ ಹಿಡಿದು ಬಾಗಿಲಿಗೆ ಬಂದರು.

“ಅಳಿಯಂದ್ರೇ, ತಿಂತೀರಾ, ಇಲ್ಲಾ ಇದ್ನೂ ಮರಳಾಗೆ ಊತಾಕ್ಲಾ?”