ಒಂದೇ ಲಾಟಿಗೆ ಮೂರು ಚೀಟಿ

ಒಬ್ಬನೇ ಮನುಷ್ಯ ಒಂದೇ ಪುಸ್ತಕಕ್ಕೆ ಒಂದೇ ವಾರದಲ್ಲಿ ಮೂರು ವಿಮರ್ಶೆ ಬರೆದು, ಮೂರರಲ್ಲೂ ಒಂದು ಸುಳ್ಳನ್ನೂ ಹೇಳದೆ, ಆದರೂ ಕಳ್ಳನಂತೆ ಸಿಕ್ಕಿಬೀಳಬಹುದು. ಇದನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಮನುಷ್ಯ ನಾನೇ. ಆದ್ದರಿಂದ ನಿಧಾನವಾಗಿ, ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಹಗಲು ನಾನು ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರಲ್ಲಿ ಗುಮಾಸ್ತ; ಸಂಜೆ ಬಸ್ಸಿನಲ್ಲಿ ನನ್ನೂರು ಹಾವೇರಿಗೆ ಮರಳಿ, ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಪುಸ್ತಕ ವಿಮರ್ಶಕ. ಆಗ ಕನ್ನಡದ ವೆಬ್‌ಸೈಟುಗಳು ಒಂದೊಂದಾಗಿ ಹುಟ್ಟುತ್ತಿದ್ದವು. ನನ್ನ ಹೆಸರು ಮೊದಲ ಸಲ ಪರದೆಯ ಮೇಲೆ ಕಂಡ ದಿನ ಕೆಫೆಯ ಮಾಲೀಕನನ್ನೂ, ಪಕ್ಕದಲ್ಲಿ ರೈಲ್ವೆ ಟಿಕೆಟ್ ತೆಗೆಯುತ್ತಿದ್ದ ಅಪರಿಚಿತರನ್ನೂ ಎಬ್ಬಿಸಿ ತೋರಿಸಿದ್ದೆ. ಅವರು "ಛಲೋ ಆತ್ರಿ" ಎಂದು ತಮ್ಮ ಟಿಕೆಟ್ಟಿಗೆ ಹಿಂದಿರುಗಿದರು. ನನಗೆ ಮಾತ್ರ ಮನೆ ಮುಟ್ಟುವವರೆಗೂ ಕಾಲು ನೆಲಕ್ಕೆ ತಾಗಲಿಲ್ಲ.

ನಾನು ಮೂರು ವೆಬ್‌ಸೈಟುಗಳಿಗೆ ಬರೆಯುತ್ತಿದ್ದೆ. ಅವುಗಳ ಹೆಸರು ಬೇಡ. ಸಿಹಿ, ಖಾರ, ನಕ್ಷತ್ರ ಎನ್ನೋಣ. ಸಿಹಿಯವರ ನಿಯಮ: ಮುನ್ನೂರು ಪದ, ಬರೀ ಗುಣ, ಲೇಖಕರ ಮನಸ್ಸು ನೋಯಬಾರದು. ಖಾರದವರ ನಿಯಮ: ಕನಿಷ್ಠ ಎರಡು ದೋಷ ತೋರಿಸದಿದ್ದರೆ ಬರಹ ವಾಪಸ್. ನಕ್ಷತ್ರದವರಿಗೆ ನೂರೇ ಪದ, ಐದಕ್ಕೆ ಇಷ್ಟು ಎಂದು ನಕ್ಷತ್ರ, ಕತೆಯ ಗುಟ್ಟು ಬಿಟ್ಟುಕೊಡುವ ಹಾಗಿಲ್ಲ. ಮೂವರಿಗೂ ಸಮಾನವಾದ ನಿಯಮ ಒಂದೇ ಒಂದು: ವಿಮರ್ಶಕನ ಹೆಸರು ಇರುವ ಪುಸ್ತಕವನ್ನು ಆ ವಿಮರ್ಶಕ ಮುಟ್ಟಬಾರದು. ಇದನ್ನು ಓದಿ ನಾನು ನಕ್ಕಿದ್ದೆ. ನನ್ನ ಹೆಸರನ್ನು ಪುಸ್ತಕದಲ್ಲಿ ಹಾಕುವ ಪುಣ್ಯಾತ್ಮ ಯಾರು?

ನಿಯಮಗಳನ್ನು ಪ್ರಿಂಟ್ ತೆಗೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಹೆಂಡತಿ ಶೋಭಾ ಸೌಟು ಹಿಡಿದು ಅವನ್ನು ಪೂರ್ತಿ ಓದಿದಳು. "ಒದ್ದಿ ಅರವಿ ಹಾಸಿಗಿ ಮ್ಯಾಲ ಒಗೀಬ್ಯಾಡ್ರಿ ಅಂತ ಹತ್ತ ವರ್ಷ ಆತು ಹೇಳಾಕತ್ತೇನಿ. ಅದೊಂದ ನೆನಪಿರಂಗಿಲ್ಲ. ಮಾರಿ ನೋಡಲಾರದವರು ನಿಯಮ ಕಳಿಸಿದ್ರ ಗ್ವಾಡಿಗೆ ಹಚ್ಚತೀರಿ!" ಅವಳ ಮಾತಿನಲ್ಲಿ ದೋಷವಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಪಲ್ಯ ಹೇಗಿದೆ ಎಂದು ಕೇಳಿದಳು. "ಆರಂಭ ಸೊಗಸಾಗಿದೆ, ಬದನೆಕಾಯಿಯ ಆಯ್ಕೆಯಲ್ಲಿ ಪರಿಶ್ರಮ ಕಾಣುತ್ತದೆ, ಆದರೆ..." ಎಂದು ಶುರುಮಾಡಿದೆ. "ಉಪ್ಪ ಕಡಿಮಿ ಅಂತ ಹೇಳಾಕ ಎಷ್ಟ ಸುತ್ತತೀರಿ! ಇದು ಯಾವ ವೆಬ್‌ಸೈಟಿನ ಕಾನೂನ್ರಿ?" ಎಂದಳು. ಖಾರದ್ದು ಎಂದು ಹೇಳಲಿಲ್ಲ.

ಹೀಗಿರುವಾಗ ಬ್ಯಾಡಗಿಯ ಮೆಣಸಿನಕಾಯಿ ದಲಾಲರಾದ ಚನ್ನಬಸಪ್ಪನವರು ತಮ್ಮ ಮೊದಲ ಕಾದಂಬರಿಯನ್ನು ನನಗೆ ಕಳಿಸಿದರು. ಅರವತ್ತು ದಾಟಿದ ಮೇಲೆ ಬರೆದದ್ದು. ಓದಿದೆ. ಉತ್ತರಾರ್ಧದಲ್ಲಿ ಪಾತ್ರಗಳೆಲ್ಲ ಭಾಷಣಕ್ಕೆ ನಿಂತಿದ್ದವು. ಸಿಹಿಗೆ ಬರೆದೆ: "ಲೇಖಕರ ಜೀವನಾನುಭವ ದಡ ಮೀರಿ ಹರಿದಿದೆ." ಖಾರಕ್ಕೆ ಬರೆದೆ: "ಪಾತ್ರಗಳು ಮಾತಾಡುವುದಿಲ್ಲ, ಉಪದೇಶಿಸುತ್ತವೆ." ನಕ್ಷತ್ರಕ್ಕೆ ಮೂರು ನಕ್ಷತ್ರ ಕೊಟ್ಟು, "ಅರ್ಧದಿಂದ ಮುಂದೇನಾಯಿತೆಂದು ನಾನು ಹೇಳಲಾರೆ" ಎಂದೆ. ಮೂರೂ ನಿಜ. ಮೂರೂ ಒಂದೇ ಮಾತು. ನನ್ನ ಕೈಚಳಕಕ್ಕೆ ನಾನೇ ಬೆರಗಾದೆ.

ಹದಿನೈದು ದಿನಕ್ಕೆ ಚನ್ನಬಸಪ್ಪನವರ ಫೋನ್ ಬಂತು. "ಅಂಗಡಿಗೆ ಬಂದ ಹೋಗ್ರಿ" ಎಂದಷ್ಟೇ ಹೇಳಿ ಇಟ್ಟರು.

ಹೋದೆ. ಅಂದು ಪೇಟೆಯ ದಿನ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಒಂದೊಂದು ರಾಶಿಗೂ ಲಾಟು ಎನ್ನುತ್ತಾರೆ. ಖರೀದಿದಾರರು ಕಾಯಿಯ ಬಣ್ಣ, ನಿರಿಗೆ ನೋಡಿ, ತಮಗೆ ತೋಚಿದ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣದು. ಚನ್ನಬಸಪ್ಪನವರು ಗಾದಿಯ ಮೇಲೆ ಕುಳಿತಿದ್ದರು. ಮುಂದೆ ಮೂರು ಪ್ರಿಂಟ್ ಹಾಳೆಗಳಿದ್ದವು. ಅವರ ಸೊಸೆ ತೆಗೆದುಕೊಟ್ಟದ್ದಂತೆ. ಪಕ್ಕದಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟು. ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಅದು ಮೆಣಸಿನಕಾಯಿಯ ಘಾಟಿಗೆ ಎಂಬುದು ದಾಖಲಾಗಲಿ.

"ಮೂರೂ ನೀವ ಬರದೀರೇನು?"

"ಹೌದ್ರಿ ಸಾವ್ಕಾರ್ರ."

"ಒಂದ ಲಾಟಿಗೆ ಮೂರ ಮಂದಿ ಮೂರ ಚೀಟಿ ಬರಿಯೂದು ದಿನಾ ನೋಡ್ತೇನಿ. ಒಬ್ಬಾಂವನ ಮೂರ ಚೀಟಿ ಬರದಿದ್ದು ಇವತ್ತ ನೋಡಿದೆ!"

ಚೀಲ ಹೊಲಿಯುತ್ತಿದ್ದ ಹಮಾಲರು ನಕ್ಕರು. ಚನ್ನಬಸಪ್ಪನವರು ನಗಲಿಲ್ಲ. ಗಂಟಿನ ಮೇಲೆ ಕೈಯಿಟ್ಟರು. "ಇದು ಎರಡನೇ ಕಾದಂಬರಿ. ಪ್ರೆಸ್ಸಿಗೆ ಕೊಡೂದೋ, ಬರಿಯೂದ ಬಿಟ್ಟ ಬಿಡೂದೋ, ನಿಮ್ಮ ಮಾತ ನೋಡಿ ಠರಾಸಬೇಕಂತ ಮಾಡಿದ್ದೆ. ಈಗ ಯಾವ ಚೀಟಿ ಹಿಡೀಲಿ? ಬಾಯಿಲೆ ಹೇಳ್ರಿ. ಖರೇ ಹೇಳ್ರಿ."

ನಾನು ಬಾಯಿ ತೆರೆದೆ. ಹೊರಬಂದದ್ದು ಇಷ್ಟು: "ಎಷ್ಟ ಪದದಾಗ ಹೇಳ್ಲಿರಿ?"

"ಚಾ ಬರೂ ತನಾ ಹೇಳ್ರಿ."

ನಿಯಮವೇ ಇಲ್ಲದೆ ಮಾತಾಡಿ ಎಷ್ಟು ಕಾಲವಾಗಿತ್ತೋ! "ಅರ್ಧ ತನಾ ಛಲೋ ಐತ್ರಿ. ಆಮ್ಯಾಲೆ ಎಲ್ಲಾರೂ ನಿಮ್ಹಂಗ ಮಾತಾಡಾಕತ್ತತಾರ. ಕಳ್ಳನೂ ನಿಮ್ಹಂಗ, ಪೊಲೀಸನೂ ನಿಮ್ಹಂಗ. ಆದ್ರ ನಡುವ ಒಬ್ಬಾಕಿ ಬರ್ತಾಳಲ್ರಿ, ತೊಟ್ಟು ಬಿಡಸೂ ನಿಂಗವ್ವ? ಹನ್ನೊಂದ ಪುಟ. ಅಂಗೈ ಖಾರ ಕೂಸಿನ ಮಾರಿಗೆ ಹತ್ತೀತಂತ ಮೊಳಕೈಲೆ ಕೂಸಿನ್ನ ಎತ್ತಿಕೊಳ್ತಾಳ. ಅದನ್ನ ಓದಕೋಂತ ಹಾವೇರಿ ಇಳಿಯೂದ ಮರತು ಬಂಕಾಪುರದ ತನಾ ಹೋಗಿದ್ದೆ ನಾ!"

ಅವರು ಮೂರೂ ಹಾಳೆಗಳನ್ನು ತಿರುವಿ ನೋಡಿದರು. "ಇದನ್ನ ಯಾಕ ಬರೀಲಿಲ್ಲ?"

"ಸಿಹಿಯೊಳಗ ಆಕಿ ಒಬ್ಬಾಕೀನ ಛಲೋ ಅಂದ್ರ ಉಳಿದವ್ರು ಛಲೋ ಇಲ್ಲ ಅಂದಂಗ ಆಗ್ತಿತ್ರಿ. ಖಾರದಾಗ ದೋಷ ಬರಿಯೂದ್ರಾಗ ಜಾಗಾ ಮುಗೀತು. ನಕ್ಷತ್ರದಾಗ ಕತಿ ಗುಟ್ಟ ಬಿಟ್ಟಕೊಡೂವಂಗಿಲ್ರಿ."

ಚನ್ನಬಸಪ್ಪನವರು ಅಂಗಳದತ್ತ ಗದ್ದ ಎತ್ತಿದರು. ಹೆಣ್ಣುಮಕ್ಕಳು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. "ಆಕಿ ಖರೇನ ಅದಾಳ. ಆ ಕಡೀಗೆ, ಹಸರ ಸೀರಿ." ಆಮೇಲೆ ಕೆಂಪು ಗಂಟನ್ನು ಎತ್ತಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. "ಇದು ಅಲ್ಲೇ ಇರ್ಲಿ. ಆಕೀದ ಬರೀತೇನಿ." ಚಹಾ ಬಂತು. ಕುಡಿದೆನೋ ಬಿಟ್ಟೆನೋ, ಅದಕ್ಕೆ ಮಾತ್ರ ನಾನು ಸಾಕ್ಷಿ ಹೇಳಲಾರೆ.

ಎರಡು ವರ್ಷದ ಮೇಲೆ, ಅಂದರೆ ಹೋದ ವಾರ, ಆ ಕಾದಂಬರಿ ಅಂಚೆಯಲ್ಲಿ ಬಂತು. ಮುನ್ನುಡಿಯನ್ನು ಕೊನೆಗೆ ಓದುವುದು ನನ್ನ ಚಟ. ನೇರವಾಗಿ ಕತೆಗೆ ಹಾರಿದೆ. ನಿಂಗವ್ವ ಮೊದಲಿಂದ ಕೊನೆಯವರೆಗೆ ಇದ್ದಾಳೆ. ಒಂದೇ ಒಂದು ಭಾಷಣವಿಲ್ಲ! ಮುಗಿಸಿದಾಗ ಸಿಹಿಗೆ ಬೇಕಾದ ಮುನ್ನೂರು ಪದ ತಾವಾಗಿಯೇ ಹುಟ್ಟಿದವು. ಖಾರದವರಿಗಾಗಿ ಒಂದು ವಾರ ಹುಡುಕಿಯಾದರೂ ಎರಡು ದೋಷ ತೆಗೆದೇನು ಎಂದುಕೊಂಡೆ. ನಕ್ಷತ್ರ ಐದಕ್ಕೆ ಐದು. ಚಪ್ಪಲಿ ಮೆಟ್ಟಿ ಕೆಫೆಗೆ ಹೊರಟವನು, ಮುದ್ರಕರ ಹೆಸರು ನೋಡಲು ಮೊದಲ ಪುಟ ತೆರೆದೆ. ಅಲ್ಲಿತ್ತು: "ಮೂರು ಚೀಟಿ ಬರೆದು, ನಾಲ್ಕನೆಯದನ್ನು ಬಾಯಿಂದ ಹೇಳಿದವರಿಗೆ ಕೃತಜ್ಞತೆ." ಕೆಳಗೆ ನನ್ನ ಪೂರ್ತಿ ಹೆಸರು, ಸಾಲದೆಂಬಂತೆ ಊರು.

ಅಡುಗೆಮನೆಯ ಗೋಡೆ ನೋಡಿದೆ. ಮೂವರಿಗೂ ಸಮಾನವಾದ ಆ ಒಂದೇ ನಿಯಮ ಎಣ್ಣೆಯ ಜಿಡ್ಡು ಹತ್ತಿದರೂ ಸ್ಪಷ್ಟವಾಗಿತ್ತು. ಶೋಭಾ ಪುಟ ಓದಿ, ಗೋಡೆ ಓದಿ, ಸೆರಗು ಬಾಯಿಗೊತ್ತಿ ನಕ್ಕಳು. "ಖರೇ ಹೇಳಿದ್ದಕ್ಕ ಶಿಕ್ಷಾ ಆತು ನೋಡ್ರಿ!"

ಆದ್ದರಿಂದ ಓದುಗರು ದಯವಿಟ್ಟು ಗಮನಿಸಬೇಕು: ಇದು ಆ ಪುಸ್ತಕದ ವಿಮರ್ಶೆಯಲ್ಲ, ಪ್ರಬಂಧ. ಪ್ರಬಂಧಗಳಿಗೆ ಆ ನಿಯಮವಿಲ್ಲ. ಕಳಿಸುವ ಮೊದಲು ಗೋಡೆಯನ್ನು ಎರಡು ಸಲ ಓದಿ ನೋಡಿದ್ದೇನೆ.