ಚುಕ್ಕಿ ಇಟ್ಟ ತಪ್ಪಿಗೆ ಡ್ರಾಯಿಂಗ್ ಮೇಷ್ಟರಿಗೊಂದು ಬಿನ್ನಹ

ಅಗ್ರಹಾರ, ಮೈಸೂರು
೧೨ ಫೆಬ್ರವರಿ ೧೯೫೮

ಮಾನ್ಯರೇ,

ಕೆಂಪು ಶಾಯಿಗೂ ರಬ್ಬರಿಗೂ ಏಕಕಾಲಕ್ಕೆ ಧಣಿಗಳಾದ ತಮ್ಮ ಸನ್ನಿಧಾನಕ್ಕೆ, ತಮ್ಮ ಸಂಜೆ ತರಗತಿಯ ಕಡೆಯ ಬೆಂಚಿನಲ್ಲಿ ಕೂರುವ ಹಂಗಾಮಿ ಉಪಾಧ್ಯಾಯಿನಿ ಚಂದ್ರಮತಿಯು ಕೈಮುಗಿದು, ಊರಿನವರೆಲ್ಲ ಓದಲೆಂದೇ ಬರೆದುಕೊಳ್ಳುವ ಅರಿಕೆ.

ಡ್ರಾಯಿಂಗ್ ಪರೀಕ್ಷೆ ಪಾಸಾಗದೆ ನನ್ನ ಕೆಲಸ ಖಾಯಂ ಆಗುವುದಿಲ್ಲ. ಪರೀಕ್ಷೆಗೆ ಕೂರಲು ತಮ್ಮ ರುಜು ಬೇಕು. ರುಜು ಬೇಕಾದರೆ ತಮ್ಮ ಮನೆಯ ಹಿತ್ತಾಳೆ ತಂಬಿಗೆಯನ್ನು ತಾವು ಒಪ್ಪುವಂತೆ ಬರೆಯಬೇಕು. ಆ ತಂಬಿಗೆಯ ದರ್ಶನಭಾಗ್ಯ ನನಗೆ ಆರು ವಾರಗಳಿಂದ ದೊರೆಯುತ್ತಿದೆ. ಮೊದಲ ವಾರ ಅದು ನನ್ನ ಹಾಳೆಯಲ್ಲಿ ಬದನೆಕಾಯಿಯಾಯಿತು, ಎರಡನೆಯ ವಾರ ಒಂದು ಕಡೆಗೆ ವಾಲಿತು. ತಮ್ಮ ಅಪ್ಪಣೆಯಂತೆ ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ನಮ್ಮ ಮನೆಯ ಜಗಲಿಯಲ್ಲಿ ಅಳತೆಯ ಅಭ್ಯಾಸ ಮಾಡಿದೆ; ಎದುರುಮನೆಯ ನಂಜಯ್ಯನವರು ಅಂದಿನಿಂದ ದಿನಾ ಇಸ್ತ್ರಿ ಷರಟು ಹಾಕಿಕೊಂಡು ಹೊರಗೆ ಕೂರುತ್ತಾರೆ. ಕಲೆಗಾಗಿ ಇದನ್ನೂ ಸಹಿಸಿದೆ.

ಆರನೆಯ ವಾರ ತಂಬಿಗೆ ನೆಟ್ಟಗೆ ನಿಂತಿತು. ಮೊದಲು ನಾಲ್ಕಾರು ಚುಕ್ಕಿ ಇಟ್ಟುಕೊಂಡು, ಆಮೇಲೆ ಒಂದೇ ಉಸಿರಿಗೆ ಗೆರೆ ಎಳೆದಿದ್ದೆ. ನಮ್ಮ ಅವ್ವ ದೇವಿರಮ್ಮ ನನಗೆ ರಂಗೋಲಿ ಕಲಿಸಿದ್ದೂ ಹಾಗೆಯೇ: ‘ಚುಕ್ಕಿ ಇಕ್ಕು, ಆಮ್ಯಾಕೆ ಹೆದರ್ಬೇಡ ಕಣಮ್ಮಿ, ಕೈ ತಾನೇ ಹೋಯ್ತದೆ.’ ತಾವು ಆ ಚುಕ್ಕಿಗಳನ್ನು ಕಂಡು ‘ಕೈಯಲ್ಲಿ ಧೈರ್ಯವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಇಪ್ಪತ್ತು ಜನರೆದುರು ಹಾಳೆ ತೂತಾಗುವವರೆಗೆ ಉಜ್ಜಿದಿರಿ. ಅಂದು ನನಗೆ ನಿಜಕ್ಕೂ ಅಳು ಬಂತು. ಹುಟ್ಟಿದ ಮೇಲೆ ಮೊದಲ ಬಾರಿಗೆ ನಾನು ಕಾಗದದ ಮೇಲೆ ಬರೆದ ಒಂದು ವಸ್ತು ಆ ವಸ್ತುವಿನಂತೆಯೇ ಕಂಡಿತ್ತು.

ತಮ್ಮ ತೀರ್ಪು ಸರಿಯೇ. ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಬಗ್ಗಿ ನಿಂತು, ಒಂದು ಗೆರೆಯನ್ನೂ ಅಳಿಸದೆ, ಹಾಲಿನವನು ಬರುವಷ್ಟರಲ್ಲಿ ಮುಗಿಸುವ ಹೆಂಗಸರಿಗೆ ಧೈರ್ಯ ಎಲ್ಲಿಂದ ಬರಬೇಕು? ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಅಗ್ರಹಾರದ ಮನೆಮನೆಗೂ ರಬ್ಬರು ಹಂಚಿಸಿ, ಚುಕ್ಕಿ ಕಂಡ ಅಂಗಳಗಳನ್ನೆಲ್ಲ ಉಜ್ಜಿಸಬೇಕು. ಬಟ್ಟೆ ಕತ್ತರಿಸುವ ಮುಂಚೆ ಸೀಮೆಸುಣ್ಣದಲ್ಲಿ ಗುರುತು ಹಾಕುವ ದರ್ಜಿಗಳಿಗೂ ‘ಧೈರ್ಯವಿಲ್ಲ’ ಎಂದು ಬರೆದುಕೊಡಬೇಕು. ಬಿಡುವಾದರೆ ಕೆಂಪು ಶಾಯಿಯೊಡನೆ ಒಮ್ಮೆ ಆಕಾಶದ ಕಡೆಗೂ ದಯಮಾಡಿಸಬೇಕು, ಅಲ್ಲಿ ಯಾರೋ ವಿಪರೀತ ಚುಕ್ಕಿ ಇಟ್ಟಿದ್ದಾರೆ.

ನಾಳಿದ್ದು ಅರ್ಜಿಗೆ ಕಡೆಯ ದಿನ. ನನ್ನ ಅರ್ಜಿ ತಮ್ಮ ಮೇಜಿನ ಮೇಲಿದೆ, ಹೊಸದಾಗಿ ಬರೆದ ತಂಬಿಗೆಯೂ ಅದರ ಜೊತೆಗಿದೆ. ಚುಕ್ಕಿಗಳನ್ನು ಅಳಿಸಿಲ್ಲ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಕೃಪೆಯಿಂದ ಇನ್ನೂ ಹಂಗಾಮಿಯೇ ಆಗಿರುವ,
ಚಂದ್ರಮತಿ

ತಾ. ಕ.: ಬರುವ ವಾರ ತಮ್ಮ ಮಗಳ ಮದುವೆಯ ಚಪ್ಪರದಲ್ಲಿ ರಂಗೋಲಿ ಹಾಕಿಕೊಡಬೇಕೆಂದು ತಮ್ಮ ಮನೆಯವರಾದ ವಸಂತಮ್ಮನವರು ನಿನ್ನೆ ಕುಂಕುಮ ಕೊಟ್ಟು ನನ್ನನ್ನೇ ಕರೆದು ಹೋಗಿದ್ದಾರೆ. ಖಂಡಿತ ಬರುತ್ತೇನೆ. ಚುಕ್ಕಿ ಇಟ್ಟು ಹಾಕಬೇಕೋ, ಧೈರ್ಯವಾಗಿ ಹಾಗೆಯೇ ಎಳೆದು ಬೀಗರಿಗೆ ಬದನೆಕಾಯಿ ತೋರಿಸಬೇಕೋ ಎಂಬುದನ್ನು ಅರ್ಜಿಯ ಮೇಲೆ ತಮ್ಮ ರುಜು ಬಿದ್ದಿದೆಯೇ ಎಂದು ನೋಡಿ ತಿಳಿದುಕೊಳ್ಳುತ್ತೇನೆ. ರುಜು ಮಾಡುವಾಗ ಕೈಗೆ ಧೈರ್ಯ ಸಾಲದಿದ್ದರೆ ಮೊದಲು ನಾಲ್ಕು ಚುಕ್ಕಿ ಇಟ್ಟುಕೊಳ್ಳಿ. ನಾನು ಯಾರಿಗೂ ಹೇಳುವುದಿಲ್ಲ.